ಕಾಂದಿವಲಿಯ ಜೀಪಿನ ಬಣ್ಣ

ಪಶ್ಚಿಮ ರೈಲ್ವೆಯ ಕಾಂದಿವಲಿ ನಿಲ್ದಾಣದಲ್ಲಿ ಇಳಿದು ಪೂರ್ವದಿಕ್ಕಿಗೆ ಆಕುರ್ಲಿ ರಸ್ತೆಯನ್ನು ಹಿಡಿದು ನಡೆದರೆ ಒಂದು ದೊಡ್ಡ ಕಾರ್ಖಾನೆಯ ಗೋಡೆ ಎದುರಾಗುತ್ತದೆ. ಅದು ಮಹೀಂದ್ರ ಎಂಡ್ ಮಹೀಂದ್ರ ಕಂಪನಿಯದು. ಇಂದು ಅಲ್ಲಿ ಹೆಚ್ಚಾಗಿ ಕೇಳಿಬರುವುದು ಟ್ರ್ಯಾಕ್ಟರಿನ ಮಾತು. ಆದರೆ ನಮ್ಮ ಹಿರಿಯರ ಕಾಲಕ್ಕೆ ಕಾಂದಿವಲಿ ಎಂದರೆ ಜೀಪು, ಜೀಪು ಎಂದರೆ ಕಾಂದಿವಲಿ. ಊರಿನಿಂದ ಹಡಗು ಹತ್ತಿ ಬಂದು, ಹಗಲು ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಕನ್ನಡ ಹುಡುಗರ ಮುಂಬಯಿಯಲ್ಲಿ ಹೋಟೆಲು ಹೇಗೋ ಗಿರಣಿಯೂ ಕಾರ್ಖಾನೆಯೂ ಹಾಗೆಯೇ ಇದ್ದವು. ಆ ಕಾರ್ಖಾನೆಗಳ ಚರಿತ್ರೆಯಲ್ಲಿ ಒಂದು ಚಿಕ್ಕ ಅಧ್ಯಾಯವನ್ನು, ಅದೂ ಬಣ್ಣದ ಅಧ್ಯಾಯವನ್ನು, ಈ ಸಂಚಿಕೆಯ ವಾಚಕರ ಮುಂದಿಡಬೇಕೆಂದು ನನ್ನ ಆಸೆ.

ಮೋಟಾರು ಗಾಡಿಯ ಬಣ್ಣವೂ ಚರಿತ್ರೆಯ ವಿಷಯವೇ ಎಂದು ಕೆಲವರು ನಗಬಹುದು. ಅಮೆರಿಕದವರು ನಗುವುದಿಲ್ಲ. ಅಲ್ಲಿ ಹಳೆಯ ಕಾರಿಗೆ ಕಾರ್ಖಾನೆಯಲ್ಲಿ ಯಾವ ಬಣ್ಣ ಬಳಿದಿದ್ದರು ಎಂಬ ಒಂದು ಪ್ರಶ್ನೆಯ ಮೇಲೆ ಲಕ್ಷಗಟ್ಟಲೆ ಡಾಲರು ಕೈ ಬದಲಾಯಿಸುತ್ತದೆ. ವಿಶೇಷವಾಗಿ, ಅವರು ಮಸಲ್ ಕಾರು ಎಂದು ಕರೆಯುವ ಗಾಡಿಗಳ ವಿಚಾರದಲ್ಲಿ ಹೀಗೆ. ಮಸಲ್ ಎಂದರೆ ಮಾಂಸಖಂಡ. ನಮ್ಮ ಗರಡಿಯ ಭಾಷೆಯಲ್ಲಿ ಹೇಳುವುದಾದರೆ ಜಟ್ಟಿ ಕಾರು. ಸಾಧಾರಣ ಮೈಕಟ್ಟಿನ ಎರಡು ಬಾಗಿಲ ಕಾರಿನೊಳಗೆ ದೊಡ್ಡ ಗಾಡಿಯ ಎಂಟು ಸಿಲಿಂಡರಿನ ಯಂತ್ರವನ್ನು ಇಳಿಸಿ, ಯುವಕರ ಕೈಗೆಟಕುವ ಬೆಲೆಗೆ ಮಾರುವ ಉಪಾಯ ಅದು. ಈ ಕುಲದ ಮೂಲಪುರುಷನೆಂದು ಸಾಮಾನ್ಯವಾಗಿ ಎಣಿಸುವುದು 1964ರ ಪಾಂಟಿಯಾಕ್ ಜಿ.ಟಿ.ಓ. ಕಾರನ್ನು. ಅದೇ ವರ್ಷದ ಏಪ್ರಿಲಿನಲ್ಲಿ ಫೋರ್ಡ್ ಕಂಪನಿಯ ಮಸ್ಟಾಂಗ್ ಬಂದಿತು. ಮುಂದೆ ಹತ್ತು ವರ್ಷ ಅಮೆರಿಕದ ರಸ್ತೆಗಳಲ್ಲಿ ಇವುಗಳದೇ ಗದ್ದಲ.

ಮೊದಮೊದಲು ಇವರ ಗಮನವೆಲ್ಲ ಅಶ್ವಶಕ್ತಿಯ ಮೇಲೆ. ಬಲದಲ್ಲಿ ಎಲ್ಲರೂ ಸರಿಸಮ ಎಂದಾದ ಮೇಲೆ ಪೈಪೋಟಿ ಬಣ್ಣಕ್ಕೆ ಇಳಿಯಿತು. 1969ರಲ್ಲಿ ಪಾಂಟಿಯಾಕಿನವರು ಜಡ್ಜ್ ಎಂಬ ವಿಶೇಷ ಆವೃತ್ತಿಯನ್ನು ತಂದಾಗ ಮೊದಲ ಕಂತಿನ ಗಾಡಿಗಳೆಲ್ಲ ಒಂದೇ ಬಣ್ಣದವು: ಹೆಸರಿಗೆ ಕೆಂಪು, ಕಣ್ಣಿಗೆ ಕಿತ್ತಳೆ. 1970ರಲ್ಲಿ ಕ್ರೈಸ್ಲರ್ ಕಂಪನಿಯವರು ಕಣ್ಣು ಕುಕ್ಕುವ ಬಣ್ಣಗಳ ಒಂದು ಸಾಲನ್ನೇ ಹೊರಡಿಸಿದರು. ನೇರಳೆ, ಎಲೆ ಹಸುರು, ಬಾಳೆಹಣ್ಣಿನ ಹಳದಿ, ಮಾವಿನ ಕಿತ್ತಳೆ, ಕೊನೆಗೆ ಅಚ್ಚ ಗುಲಾಬಿ. ಇವಕ್ಕೆ ಬೆಲೆಯ ಮೇಲೆ ಬೇರೆ ಸುಂಕ. ಹೆಸರುಗಳಂತೂ ಕೇಳಲೇಬೇಕು. ಡಾಜ್ ಗಾಡಿಗೆ ಬಳಿದ ನೇರಳೆ ಬಣ್ಣಕ್ಕೆ ಪ್ಲಮ್ ಕ್ರೇಜಿ ಎಂದೂ, ಅದೇ ಡಬ್ಬಿಯ ಅದೇ ಬಣ್ಣವನ್ನು ಪ್ಲಿಮತ್ ಗಾಡಿಗೆ ಬಳಿದರೆ ಇನ್-ವಯೊಲೆಟ್ ಎಂದೂ ಕರೆದರು. ಡಾಜ್ ಅಂಗಡಿಯ ಗುಲಾಬಿ ಪ್ಯಾಂಥರ್ ಪಿಂಕ್ ಆದರೆ, ಪ್ಲಿಮತ್ ಅಂಗಡಿಯಲ್ಲಿ ಅದು ಮೂಲಾ ರೂಜ್. ಒಂದೇ ಮನೆಯ ಅಕ್ಕತಂಗಿಯರಿಗೆ ಒಂದೇ ಥಾನಿನ ಸೀರೆ ಉಡಿಸಿ ಬೇರೆ ಬೇರೆ ಹೆಸರಿಟ್ಟ ಹಾಗೆ.

ಈ ಬಣ್ಣಗಳು ಏಕೆ ಅಪರೂಪವಾದುವೆಂದು ವಿಚಾರಿಸಿದರೆ ಉತ್ತರ ಸೋಜಿಗದ್ದು. ಬೇಕೆಂದು ಅಪರೂಪ ಮಾಡಿದವು ಕೆಲವು ಉಂಟು, ನಿಜ. 1966ರಲ್ಲಿ ಹರ್ಟ್ಸ್ ಎಂಬ ಬಾಡಿಗೆ ಕಾರಿನ ಕಂಪನಿಗಾಗಿ ಶೆಲ್ಬಿಯವರು ಸುಮಾರು ಸಾವಿರ ಮಸ್ಟಾಂಗುಗಳನ್ನು ಸಿದ್ಧಪಡಿಸಿದರು. ಹೆಚ್ಚಿನವು ಆ ಕಂಪನಿಯ ಕಪ್ಪು ಬಣ್ಣ, ಚಿನ್ನದ ಪಟ್ಟಿಗಳನ್ನು ಹೊತ್ತವು. ವಾರದ ಕೊನೆಗೆ ಬಾಡಿಗೆಗೆ ಒಯ್ದು ಪಂದ್ಯದಲ್ಲಿ ಓಡಿಸಿ ಸೋಮವಾರ ಮರಳಿಸಿದವರ ಕತೆಗಳು ಇಂದಿಗೂ ಆ ಕಾರಿನ ಜತೆಗೆ ಬರುತ್ತವೆ. 1969ರಲ್ಲಿ ಷೆವರ್ಲೆಯವರು ಪೂರ್ತಿ ಅಲ್ಯೂಮಿನಿಯಮಿನ ಯಂತ್ರವಿಟ್ಟ ಕಮಾರೋ ಕಾರನ್ನು ಮಾಡಿದ್ದು ಕೇವಲ 69. ಆದರೆ ಗುಲಾಬಿ, ಹಸುರು ಮುಂತಾದುವು ಹಾಗಲ್ಲ. ಅವು ಅಪರೂಪವಾದದ್ದು ಅಂದು ಹೆಚ್ಚು ಮಂದಿಗೆ ಅವು ಬೇಡವಾಗಿದ್ದುದರಿಂದ. ಕೊಂಡವರಲ್ಲಿ ಎಷ್ಟೋ ಮಂದಿ ನಾಲ್ಕು ವರ್ಷದಲ್ಲಿ ಬೇಸತ್ತು ಮೇಲೆ ಬೇರೆ ಬಣ್ಣ ಬಳಿಸಿದರು. 1970ರ ಆಚೆಗೆ ವಿಮೆಯ ದರ ಏರಿತು, ಹೊಗೆಯ ಮೇಲೆ ಕಾನೂನು ಬಂದಿತು, 1973ರಲ್ಲಿ ಅರಬ್ ದೇಶಗಳು ಎಣ್ಣೆ ನಿಲ್ಲಿಸಿದವು. ಜಟ್ಟಿಗಳ ಕಾಲ ಮುಗಿಯಿತು. 1971ರಲ್ಲಿ ಪ್ಲಿಮತ್ ಕುಡಾ ಎಂಬ ಕಾರಿನಲ್ಲಿ ಹೆಮಿ ಯಂತ್ರವಿದ್ದು ಮಾಡು ಮಡಚುವಂಥವು ತಯಾರಾದದ್ದು ಬರೀ 11. ಅದರಲ್ಲೊಂದು ನೀಲಿ ಬಣ್ಣದ ಗಾಡಿ 2014ರಲ್ಲಿ ಸಿಯಾಟಲ್ ನಗರದ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು.

ಆ ಬೆಲೆ ಕೊಡುವವನು ಬರಿಯ ಮಾತನ್ನು ನಂಬಿ ಕೊಡುವುದಿಲ್ಲ. ಕ್ರೈಸ್ಲರ್ ಗಾಡಿಗಳ ಯಂತ್ರದ ಕೋಣೆಯಲ್ಲಿ ಒಂದು ಪುಟ್ಟ ತಗಡು ತಿರುಪಿನಿಂದ ಕೂತಿರುತ್ತದೆ. ಅದರ ಮೇಲೆ ಬಣ್ಣದ ಸಂಕೇತ ಒತ್ತಿರುತ್ತದೆ. ಎಫ್.ಸಿ.7 ಎಂದಿದ್ದರೆ ನೇರಳೆ, ಎಫ್.ಎಂ.3 ಎಂದಿದ್ದರೆ ಗುಲಾಬಿ. ಫೋರ್ಡ್ ಕಂಪನಿಯ 1967ರಿಂದೀಚಿನ ತಯಾರಿಕೆಯ ದಾಖಲೆ ಇಡಿಯಾಗಿ ಉಳಿದಿದೆ. ಹಣ ಕಟ್ಟಿ ಕೇಳಿದರೆ ನಿಮ್ಮ ಗಾಡಿ ಯಾವ ದಿನ ಯಾವ ಬಣ್ಣದಲ್ಲಿ ಹೊರಬಿದ್ದಿತು, ಅಂಥವು ಒಟ್ಟು ಎಷ್ಟಿದ್ದವು ಎಂದು ಬರೆದು ಕಳುಹಿಸುತ್ತಾರೆ. ಅಮೆರಿಕದವರ ಐಶ್ವರ್ಯಕ್ಕಿಂತ ಅವರ ಈ ಲೆಕ್ಕದ ಪುಸ್ತಕವನ್ನು ಕಂಡರೆ ನನಗೆ ಹೆಚ್ಚು ಹೊಟ್ಟೆಕಿಚ್ಚು.

ಈ ಜಟ್ಟಿ ಕಾರುಗಳು ನಮ್ಮ ಮುಂಬಯಿಗೆ ಏಕೆ ಬರಲಿಲ್ಲ? ಅಮೆರಿಕದ ಕಾರು ಈ ಊರಿಗೆ ಹೊಸದೇನಲ್ಲ. ಜನರಲ್ ಮೋಟಾರ್ಸ್‌ನವರು 1928ರಲ್ಲಿಯೇ ಶಿವಡಿಯಲ್ಲಿ ಷೆವರ್ಲೆ ಗಾಡಿಗಳನ್ನು ಜೋಡಿಸಲು ಆರಂಭಿಸಿದ್ದರು. ಫೋರ್ಡ್ ಕಂಪನಿಯೂ ಮುಂಬಯಿಯಲ್ಲಿ ಜೋಡಣೆಯ ಕೆಲಸ ನಡೆಸಿತ್ತು. ಆದರೆ 1953ರಲ್ಲಿ ಸುಂಕ ಆಯೋಗದ ವರದಿಯ ಮೇರೆಗೆ ಭಾರತ ಸರಕಾರ ಒಂದು ನಿರ್ಧಾರಕ್ಕೆ ಬಂದಿತು: ಬಿಡಿಭಾಗ ತರಿಸಿ ಬರಿದೆ ಜೋಡಿಸುವವರಿಗೆ ಇಲ್ಲಿ ಎಡೆಯಿಲ್ಲ, ಹಂತಹಂತವಾಗಿ ಇಲ್ಲಿಯೇ ತಯಾರಿಸುವವರು ಮಾತ್ರ ಉಳಿಯಬೇಕು. ಎರಡೂ ಅಮೆರಿಕನ್ ಕಂಪನಿಗಳು ಗಂಟು ಕಟ್ಟಿದವು. ಜಿ.ಟಿ.ಓ. ಹುಟ್ಟುವ ಹೊತ್ತಿಗೆ ನಮ್ಮ ಬಾಗಿಲು ಮುಚ್ಚಿ ಹತ್ತು ವರ್ಷವಾಗಿತ್ತು. ಅಲ್ಲಿ ಗಿರಾಕಿ ಗುಲಾಬಿಯೋ ನೇರಳೆಯೋ ಎಂದು ಆಲೋಚಿಸುತ್ತಿದ್ದಾಗ ಇಲ್ಲಿ ಕಾರಿಗೆ ಹೆಸರು ಬರೆಯಿಸಿ ವರ್ಷಗಟ್ಟಲೆ ಕಾದವನು, ಸರದಿ ಬಂದ ದಿನ ಯಾವ ಬಣ್ಣ ಕೊಟ್ಟರೂ ಕಣ್ಣಿಗೊತ್ತಿಕೊಂಡು ಮನೆಗೆ ತರುತ್ತಿದ್ದನು.

ಇಲ್ಲಿ ಒಂದು ಮಾತನ್ನು ನಾಡಹಬ್ಬದ ಸಂಚಿಕೆಯಲ್ಲಿ ಹೇಳದೆ ಬಿಡಲಾರೆ. ಭಾರತದಲ್ಲಿ ಕಾರನ್ನು ಜೋಡಿಸುವುದಲ್ಲ, ತಯಾರಿಸಬೇಕು ಎಂದು ಮೊದಲು ಗಟ್ಟಿಯಾಗಿ ಹೇಳಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಮುಖ್ಯರು. 1935ರಲ್ಲಿ ಅವರು, ಎಪ್ಪತ್ತರ ಆಚೆಯ ವಯಸ್ಸಿನಲ್ಲಿ, ಯುರೋಪು ಅಮೆರಿಕಗಳಿಗೆ ಹೋಗಿ ಅಲ್ಲಿಯ ಮೋಟಾರು ಕಾರ್ಖಾನೆಗಳನ್ನು ಕಣ್ಣಾರೆ ಕಂಡು ಬಂದು ಒಂದು ಯೋಜನೆಯನ್ನು ಸಿದ್ಧಪಡಿಸಿದರು. ಉದ್ಯಮಿ ವಾಲಚಂದ ಹೀರಾಚಂದರು ಅದನ್ನು ಕೈಗೆತ್ತಿಕೊಂಡರು. ಮೈಸೂರು ಸಂಸ್ಥಾನ ನೆರವಿಗೆ ಮುಂದೆ ಬಂದಿತು. ಕ್ರೈಸ್ಲರ್ ಕಂಪನಿಯೊಡನೆ ಮಾತುಕತೆಯೂ ನಡೆಯಿತು. ಆದರೆ ದಿಲ್ಲಿಯ ಬ್ರಿಟಿಷ್ ಸರಕಾರ ಒಪ್ಪಲಿಲ್ಲ. ವಾಲಚಂದರು 1940ರಲ್ಲಿ ಬೆಂಗಳೂರಿನಲ್ಲಿ ವಿಮಾನದ ಕಾರ್ಖಾನೆಯನ್ನು ಕಟ್ಟಿದರು, ಕಾರಿನ ಕಾರ್ಖಾನೆ ಮಾತ್ರ ಅಲ್ಲಿ ಏಳಲಿಲ್ಲ. ಕಡೆಗೆ 1944ರಲ್ಲಿ ಅವರು ಪ್ರೀಮಿಯರ್ ಆಟೊಮೊಬೈಲ್ಸ್ ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಿಂದ 1947ರಲ್ಲಿ ಕ್ರೈಸ್ಲರ್ ಕುಲದ ಗಾಡಿಗಳು ಹೊರಬಂದವು. ಡಾಜ್, ಪ್ಲಿಮತ್, ಡಿಸೋಟೊ ಎಂದು ಮೂರು ಹೆಸರು. ಮೈ ಬಹುಮಟ್ಟಿಗೆ ಒಂದೇ. ಪ್ಲಮ್ ಕ್ರೇಜಿ ಬಳಿದುಕೊಂಡು ಮೆರೆದ ಡಾಜ್ ಪ್ಲಿಮತ್ತುಗಳ ಸಂಭಾವಿತ ದೊಡ್ಡಪ್ಪಂದಿರು ನಮ್ಮ ಕುರ್ಲಾದಲ್ಲಿ ತಯಾರಾಗುತ್ತಿದ್ದರೆಂದು ತಿಳಿದರೆ ಅಮೆರಿಕದ ಸಂಗ್ರಾಹಕರಿಗೂ ಆಶ್ಚರ್ಯವಾದೀತು. ದಿಲ್ಲಿಯವರು ಒಪ್ಪಿದ್ದರೆ ಅವು ಬೆಂಗಳೂರಿನ ಗಾಡಿಗಳಾಗಬಹುದಾಗಿತ್ತು.

ಇನ್ನು ಜೀಪಿಗೆ ಬರೋಣ.

ಜೀಪು ಯುದ್ಧದ ಕೂಸು. 1941ರಿಂದ 1945ರ ವರೆಗೆ ಅಮೆರಿಕದ ಟೊಲೀಡೊ ನಗರದ ವಿಲ್ಲಿಸ್-ಓವರ್‌ಲ್ಯಾಂಡ್ ಕಂಪನಿ ಮತ್ತು ಫೋರ್ಡ್ ಕಂಪನಿ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪುಗಳನ್ನು ಮಾಡಿ ಲೋಕಕ್ಕೆಲ್ಲ ಹರಡಿದವು. ನಾಲ್ಕು ಸಿಲಿಂಡರು, 60 ಅಶ್ವಶಕ್ತಿ. ಹೆಮಿ ಕಾರಿನ 425ರ ಮುಂದೆ ಇದು ಏಳನೆಯ ಒಂದು ಪಾಲು. ಆದರೆ ನಾಲ್ಕು ಗಾಲಿಗೂ ಬಲ ಹರಿಯುವುದರಿಂದ ಕೆಸರಿನಲ್ಲಿ, ಕಲ್ಲಿನಲ್ಲಿ, ದಾರಿಯೇ ಇಲ್ಲದ ಗುಡ್ಡದಲ್ಲಿ ಇದು ಹೋಗುವ ಕಡೆ ಆ ಜಟ್ಟಿ ಹತ್ತು ಮಾರು ಹೋಗಲಾರದು. ಇದರ ಬಣ್ಣ ಸೈನ್ಯದ ಆಲಿವ್ ಹಸುರು. ಹೊಳಪಿಲ್ಲ, ಹೊಳೆದರೆ ಮೇಲೆ ಹಾರುವ ವಿಮಾನದವನ ಕಣ್ಣಿಗೆ ಬೀಳುತ್ತದೆ. ಸ್ವಾರಸ್ಯವೆಂದರೆ ಆ ಹಸುರಿನೊಳಗೆ ಹಸುರು ಇಲ್ಲ. ಹಳದಿ ಜೇಡಿಮಣ್ಣಿನ ಬಣ್ಣಕ್ಕೆ ಕಪ್ಪನ್ನು ಬೆರೆಸಿದರೆ ಕಣ್ಣಿಗೆ ಹಸುರೆಂದು ತೋರುವ ಆ ಮಂಕು ಬಣ್ಣ ಬರುತ್ತದೆ. ಮಣ್ಣಿನಲ್ಲಿ ಅಡಗಬೇಕಾದ ಗಾಡಿಗೆ ಮಣ್ಣಿನದೇ ಬಣ್ಣ.

ಯುದ್ಧ ಮುಗಿಯುತ್ತಿದ್ದಂತೆಯೇ ವಿಲ್ಲಿಸ್‌ನವರಿಗೆ ಹೊಸ ಚಿಂತೆ: ಸೈನಿಕನ ಗಾಡಿಯನ್ನು ರೈತನಿಗೆ ಮಾರುವುದು ಹೇಗೆ? 1945ರಲ್ಲಿ ಸಿ.ಜೆ.-2ಎ ಎಂಬ ನಾಗರಿಕ ಜೀಪನ್ನು ಹೊರತಂದಾಗ ಅವರು ಮೊದಲು ಬದಲಿಸಿದವುಗಳಲ್ಲಿ ಬಣ್ಣವೂ ಒಂದು. ಆರಂಭದಲ್ಲಿ ಎರಡೇ ಜೋಡಿ. ಹುಲ್ಲುಗಾವಲಿನ ಹಸುರು ಮೈಗೆ ಹಳದಿ ಗಾಲಿ. ಸುಗ್ಗಿಯ ಕಂದು ಮೈಗೆ ಸಂಜೆಗೆಂಪಿನ ಗಾಲಿ. ಹೆಸರುಗಳನ್ನು ನೋಡಿರಿ: ಹುಲ್ಲುಗಾವಲು, ಸುಗ್ಗಿ, ಸಂಜೆ. ಬಂದೂಕಿನ ನೆನಪನ್ನು ಒರೆಸಿ ಹೊಲದ ನೆನಪನ್ನು ತುಂಬುವ ಕೆಲಸವನ್ನು ಬಣ್ಣದ ಡಬ್ಬಿಗೆ ಒಪ್ಪಿಸಿದ್ದರು. ಆ ಮೊದಲ ಜೋಡಿಗಳಲ್ಲಿ ಹಾಗೆಯೇ ಉಳಿದ ಗಾಡಿ ಇಂದು ಅಮೆರಿಕದಲ್ಲಿಯೂ ದುರ್ಲಭ.

ಅದೇ 1945ರ ಅಕ್ಟೋಬರ್ 2ರಂದು ಮಹೀಂದ್ರ ಸಹೋದರರಾದ ಜೆ.ಸಿ. ಮತ್ತು ಕೆ.ಸಿ. ಹಾಗೂ ಮಲಿಕ್ ಗುಲಾಮ್ ಮಹಮ್ಮದರು ಸೇರಿ ಮಹೀಂದ್ರ ಎಂಡ್ ಮಹಮ್ಮದ್ ಎಂಬ ಕಂಪನಿಯನ್ನು ಸ್ಥಾಪಿಸಿದರು. ಕಂಪನಿಗೆ ಎರಡು ವರ್ಷ ತುಂಬುವ ಮೊದಲೇ ದೇಶ ಎರಡಾಯಿತು. ಗುಲಾಮ್ ಮಹಮ್ಮದರು ಪಾಕಿಸ್ತಾನದ ಮೊದಲ ಅರ್ಥಸಚಿವರಾಗಿ ಹೋದರು, 1951ರಲ್ಲಿ ಅಲ್ಲಿಯ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪನಿಯ ಹೆಸರು ಮಹೀಂದ್ರ ಎಂಡ್ ಮಹೀಂದ್ರ ಎಂದಾಯಿತು. ಇದ್ದ ಅಕ್ಷರಗಳು ವ್ಯರ್ಥವಾಗಲಿಲ್ಲವೆಂದು ಹಾಸ್ಯ ಮಾಡುವವರುಂಟು. ಕೆ.ಸಿ. ಮಹೀಂದ್ರರು ಅಮೆರಿಕದಲ್ಲಿದ್ದಾಗ ಜೀಪಿನ ಯಂತ್ರಶಿಲ್ಪಿಗಳಲ್ಲಿ ಒಬ್ಬನಾದ ಬಾರ್ನಿ ರೂಸ್‌ನನ್ನು ಕಂಡಿದ್ದರು. ಆ ಪರಿಚಯದಿಂದ ವಿಲ್ಲಿಸ್ ಕಂಪನಿಯ ನಂಟು ಬೆಳೆಯಿತು. 1947ರಲ್ಲಿ ಬಿಡಿಭಾಗಗಳಾಗಿ ಬಂದ ಮೊದಲ ಕಂತು 75 ಗಾಡಿಗಳದು. 1949ರ ಹೊತ್ತಿಗೆ ಮಜಗಾಂವಿನಲ್ಲಿ ಜೋಡಣೆ ಸಾಗಿತ್ತು. 1954ರಿಂದ ಹಂತಹಂತವಾಗಿ ಇಲ್ಲಿಯೇ ತಯಾರಿಕೆ. 1960ರ ದಶಕದಲ್ಲಿ ಕಾಂದಿವಲಿ ಬೆಳೆಯಿತು. 1963ರಲ್ಲಿ ಇಂಟರ್‌ನ್ಯಾಶನಲ್ ಹಾರ್ವೆಸ್ಟರ್ ಕಂಪನಿಯ ಜತೆಗೆ ಟ್ರ್ಯಾಕ್ಟರಿನ ಉದ್ಯಮವೂ ಕೂಡಿಕೊಂಡಿತು. ಟೊಲೀಡೊದಲ್ಲಿ ಹಳೆಯದಾದ ಸಿ.ಜೆ.-3ಬಿ ಎಂಬ ಎತ್ತರದ ಮೂತಿಯ ಜೀಪು ಕಾಂದಿವಲಿಯಲ್ಲಿ ಬಲಗಡೆಯ ಚಾಲಕಚಕ್ರ ಹೊತ್ತು ದಶಕಗಳ ಕಾಲ ಬಾಳಿತು.

ಈ ಗಾಡಿ ನಮ್ಮ ನಾಡಿಗೆ ಹೋದ ದಾರಿಯನ್ನು ಬರೆಯಲು ಒಂದು ಪುಸ್ತಕ ಬೇಕು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಮೊದಲಾಯಿತು. ಅಲ್ಲಿಂದ ಮುಂದೆ ಹಳ್ಳಿಯವರ ಪಾಲಿಗೆ ಸರಕಾರವೆಂದರೆ ಧೂಳೆಬ್ಬಿಸಿಕೊಂಡು ಬರುವ ಬಿ.ಡಿ.ಓ. ಸಾಹೇಬರ ಜೀಪು. ಮಲೇರಿಯಾದವರ ಜೀಪು, ಪೊಲೀಸರ ಜೀಪು, ಚುನಾವಣೆಯ ಧ್ವನಿವರ್ಧಕದ ಜೀಪು. ಕೊಡಗಿನಲ್ಲಿ, ಚಿಕ್ಕಮಗಳೂರಿನಲ್ಲಿ ಕಾಫಿ ತೋಟದ ಧಣಿಯ ಜೀಪು. ಒಂದೊಂದಕ್ಕೂ ಒಂದೊಂದು ಬಣ್ಣ, ಒಂದೊಂದು ಗುರುತು. ದೂರದಲ್ಲಿ ಬಣ್ಣ ಕಂಡೊಡನೆ ಮಕ್ಕಳು ಬರುವವರು ಯಾರೆಂದು ಹೇಳುತ್ತಿದ್ದರು; ಕೆಲವು ಬಣ್ಣಕ್ಕೆ ಓಡಿ ಬರುತ್ತಿದ್ದರು, ಕೆಲವು ಬಣ್ಣಕ್ಕೆ ಓಡಿ ಹೋಗುತ್ತಿದ್ದರು.

ಆದರೆ ಜೀಪಿನ ಹುಟ್ಟುಬಣ್ಣ ಮಾತ್ರ ಇಂದು ನಮ್ಮಲ್ಲಿ ಯಾರಿಗೂ ಸಲ್ಲದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 121ನೆಯದು ಇದನ್ನು ಸ್ಪಷ್ಟವಾಗಿ ಹೇಳುತ್ತದೆ: ರಕ್ಷಣಾ ಇಲಾಖೆಯ ವಾಹನಕ್ಕಲ್ಲದೆ ಬೇರೆ ಯಾವ ವಾಹನಕ್ಕೂ ಆಲಿವ್ ಹಸುರು ಬಳಿಯಕೂಡದು. ಕಾರಣವನ್ನು ಯಾರಾದರೂ ಊಹಿಸಬಹುದು. ಸೈನ್ಯದ ವೇಷದಲ್ಲಿ ಕಳ್ಳ ನುಗ್ಗಬಾರದು. ನಿಯಮ ಸರಿಯಾದದ್ದೇ. ಆದರೂ ಎಂಥ ವಿಚಿತ್ರ! ಅಮೆರಿಕದಲ್ಲಿ ಅಪರೂಪದ ಬಣ್ಣವೆಂದರೆ ಯಾರೂ ಕೊಳ್ಳದೆ ಉಳಿದ ಗುಲಾಬಿ. ನಮ್ಮಲ್ಲಿ ಅಪರೂಪದ ಬಣ್ಣವೆಂದರೆ ಲಕ್ಷಾಂತರ ಗಾಡಿಗಳ ತಾಯಿಬಣ್ಣ. ಯುದ್ಧದ ತರುವಾಯ ಸೈನ್ಯದ ವಿಲೇವಾರಿಯಲ್ಲಿ ಬಂದ ಜೀಪನ್ನು ಹಿಂದಿನ ತಲೆಮಾರಿನಿಂದ ಜೋಪಾನ ಮಾಡಿ ಇಟ್ಟುಕೊಂಡವನು, ಅದನ್ನು ಶುದ್ಧ ಮೂಲರೂಪಕ್ಕೆ ತರಹೊರಟರೆ ಈ ನಿಯಮದ ಎದುರಿಗೆ ನಿಂತುಬಿಡಬೇಕಾಗುತ್ತದೆ.

ಅಮೆರಿಕದಲ್ಲಿ ಜೀಪಿನ ಮನೆತನ ಕೈಯಿಂದ ಕೈಗೆ ಹೋದ ಕತೆಯಲ್ಲಿ ಜಟ್ಟಿ ಕಾರಿನ ನಂಟೊಂದು ಬೆಸೆದುಕೊಂಡಿದೆ. 1953ರಲ್ಲಿ ವಿಲ್ಲಿಸ್ ಕಂಪನಿಯನ್ನು ಕೈಸರ್‌ನವರು ಕೊಂಡರು. 1970ರಲ್ಲಿ ಕೈಸರ್‌ನವರಿಂದ ಅಮೆರಿಕನ್ ಮೋಟಾರ್ಸ್‌ನವರು ಕೊಂಡರು. ಈ ಅಮೆರಿಕನ್ ಮೋಟಾರ್ಸ್ ದೊಡ್ಡ ಮೂವರ ನಡುವೆ ಸಿಕ್ಕಿದ ಸಣ್ಣ ಕಂಪನಿ. ಹಣ ಕಡಮೆ, ಧೈರ್ಯ ಹೆಚ್ಚು. ಜಟ್ಟಿ ಕಾರಿನ ಅಂಗಳಕ್ಕೆ ತಡವಾಗಿ ಇಳಿದ ಅವರು ಎಲ್ಲರ ಕಣ್ಣು ತಮ್ಮ ಕಡೆ ತಿರುಗಲೆಂದು ಬಣ್ಣವನ್ನೇ ಆಯುಧ ಮಾಡಿಕೊಂಡರು. 1969ರಲ್ಲಿ ಒಂದು ಪುಟ್ಟ ರ್‍ಯಾಂಬ್ಲರ್ ಕಾರಿಗೆ ತಮ್ಮ ಬಾವುಟದ ಕೆಂಪು, ಬಿಳಿ, ನೀಲಿ ಬಳಿದು 1,512 ಗಾಡಿಗಳನ್ನು ಮಾರಿದರು. ಜಾವೆಲಿನ್, ಎ.ಎಂ.ಎಕ್ಸ್. ಕಾರುಗಳಿಗೆ ಬಿಗ್ ಬ್ಯಾಡ್ ಎಂಬ ನೀಲಿ, ಹಸುರು, ಕಿತ್ತಳೆಗಳನ್ನು ಬಂಪರಿನ ಮೇಲೂ ಬಿಡದೆ ಬಳಿದರು. ಜೀಪು ಕೈಗೆ ಬಂದದ್ದೇ ತಡ, ಅದಕ್ಕೂ ಆ ಹುಚ್ಚು ಹತ್ತಿಸಿದರು. 1971ರಲ್ಲಿ ರೆನೆಗೇಡ್ ಎಂಬ ಹೆಸರಿನ ಎರಡನೆಯ ವಿಶೇಷ ಆವೃತ್ತಿಯ ಜೀಪಿಗೆ ಯೋಜಿಸಿದ ಬಣ್ಣದ ಲೆಕ್ಕ ಹೀಗಿತ್ತು: ಹಳದಿ 200, ಪುದೀನದ ಹಸುರು 200, ಒಂದು ಬಗೆಯ ಕಿತ್ತಳೆ 150, ಮತ್ತು ಬಿಗ್ ಬ್ಯಾಡ್ ಕಿತ್ತಳೆ ಬರೀ 50. ಪಂದ್ಯದ ಕಾರಿನ ಅಂಗಿಯನ್ನು ಹೊಲದ ಗಾಡಿಗೆ ತೊಡಿಸಿದಂತಾಯಿತು.

ಅದೇ ಅಮೆರಿಕನ್ ಮೋಟಾರ್ಸ್ ಆಗ ಕಾಂದಿವಲಿಯ ಜೀಪಿನ ಅಮೆರಿಕದ ಬಳಗವೂ ಹೌದು. ಅಲ್ಲಿ ಕಿತ್ತಳೆ ಜೀಪು ಕಡಲತೀರದಲ್ಲಿ ಕುಣಿಯುತ್ತಿದ್ದಾಗ ಇಲ್ಲಿಯ ಜೀಪು ನಾಲೆಯ ಏರಿಯ ಮೇಲೆ ಇಂಜಿನಿಯರರನ್ನು ಹೊತ್ತು ನಡೆದಿತ್ತು. ಇದರಲ್ಲಿ ಕೀಳು ಮೇಲೆಂಬ ಮಾತಿಲ್ಲ. ನನ್ನನ್ನು ಕೇಳಿದರೆ ಜೀಪೆಂಬ ಹೆಸರಿಗೆ ನ್ಯಾಯ ಸಲ್ಲಿಸಿದ್ದು ನಮ್ಮದೇ. 1987ರಲ್ಲಿ ಆ ಕಂಪನಿಯನ್ನು ಕ್ರೈಸ್ಲರ್ ನುಂಗಿತು. ಪ್ಲಮ್ ಕ್ರೇಜಿಯ ಮನೆಗೇ ಜೀಪು ಸೊಸೆಯಾಗಿ ಹೋಯಿತು.

ಮುಂಬಯಿಯ ಬಣ್ಣದ ಗಾಡಿ ಎಂದೊಡನೆ ಕರಿ-ಹಳದಿ ಟ್ಯಾಕ್ಸಿಯನ್ನು ನೆನೆಯದೆ ಹೋದರೆ ತಪ್ಪಾದೀತು. ಕುರ್ಲಾದ ಕಾರ್ಖಾನೆ ಕ್ರೈಸ್ಲರ್ ಗಾಡಿಗಳ ಜತೆಗೆ ಇಟಲಿಯ ಫಿಯೆಟ್ಟನ್ನೂ ಕೈಗೆತ್ತಿಕೊಂಡಿತು. ಅದರ ಸಂತತಿಯೇ ಪ್ರೀಮಿಯರ್ ಪದ್ಮಿನಿ. ಮೈ ಕಪ್ಪು, ಮಾಡು ಹಳದಿ. ಆ ಟ್ಯಾಕ್ಸಿ ಚಾಲಕರನ್ನು ಸಂಘಟಿಸಿ ದೊಡ್ಡ ನಾಯಕರಾದ ಜಾರ್ಜ್ ಫರ್ನಾಂಡಿಸರು ನಮ್ಮ ಮಂಗಳೂರಿನಲ್ಲಿ ಹುಟ್ಟಿದವರು; 1967ರಲ್ಲಿ ದಕ್ಷಿಣ ಮುಂಬಯಿಯಲ್ಲಿ ಸ.ಕಾ. ಪಾಟೀಲರನ್ನು ಸೋಲಿಸಿದಾಗ ಈ ಕರಿ-ಹಳದಿಯ ಬೆಂಬಲ ಅವರ ಹಿಂದಿತ್ತು. ಕೊನೆಯ ಪದ್ಮಿನಿ ಟ್ಯಾಕ್ಸಿ ತಾಡದೇವ ಕಚೇರಿಯಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಇಲ್ಲಿ ಟ್ಯಾಕ್ಸಿಯ ಆಯುಷ್ಯ 20 ವರ್ಷವೆಂದು ಗೊತ್ತುಪಡಿಸಿದ್ದರಿಂದ 2023ರ ಅಕ್ಟೋಬರ್ ಮುಗಿಯುವಾಗ ಅವೆಲ್ಲ ರಸ್ತೆಯಿಂದ ಮರೆಯಾದವು. ಸಾವಿರಾರು ಇದ್ದ ಗಾಡಿ ಒಂದೂ ಇಲ್ಲವಾಗಲು ಹೆಚ್ಚು ಕಾಲ ಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಏನು?

ವಿಶೇಷ ಆವೃತ್ತಿಯ ಹುಚ್ಚು ಕಡೆಗೆ ಮಹೀಂದ್ರ ಕಂಪನಿಗೂ ತಗಲಿತು. 2010ರಲ್ಲಿ ಹಳೆಯ ಜೀಪಿನ ಮೈಕಟ್ಟಿನಲ್ಲಿಯೇ ಥಾರ್ ಎಂಬ ಗಾಡಿ ಬಂದಿತು. ಆ ರೂಪವನ್ನು ನಿಲ್ಲಿಸಿ ಹೊಸದನ್ನು ತರುವ ಮುನ್ನ, 2019ರಲ್ಲಿ, ತಮ್ಮ 70 ವರ್ಷಗಳ ನೆನಪಿಗೆಂದು ಥಾರ್ 700 ಎಂದು ಹೆಸರಿಟ್ಟು ಬರೀ 700 ಗಾಡಿಗಳನ್ನು ಮಾಡಿದರು. ಎರಡೇ ಬಣ್ಣ: ಕಪ್ಪು ಮತ್ತು ಸಮುದ್ರದ ತಿಳಿನೀಲಿ. ಮೈಮೇಲೆ ಆನಂದ ಮಹೀಂದ್ರರ ಸಹಿ. ಮರುವರ್ಷ ಹೊಸ ಥಾರಿನ ಒಂದನೆಯ ಸಂಖ್ಯೆಯ ಗಾಡಿಯನ್ನು ಹರಾಜಿಗಿಟ್ಟಾಗ ಅದು 1.11 ಕೋಟಿ ರೂಪಾಯಿಗೆ ಹೋಗಿ, ಹಣ ದಾನಕ್ಕೆ ಸಂದಿತು. ಅಂಗಡಿಯಲ್ಲಿ ಅಂಥದೇ ಗಾಡಿ ಹತ್ತು ಹದಿನೈದು ಲಕ್ಷಕ್ಕೆ ಸಿಗುತ್ತಿತ್ತು. 2024ರಲ್ಲಿ ಮರುಭೂಮಿಯ ಮರಳಿನ ಬಣ್ಣ ಬಳಿದ ಇನ್ನೊಂದು ಆವೃತ್ತಿ. 1945ರ ಸುಗ್ಗಿಯ ಕಂದನ್ನು ಬಲ್ಲವರಿಗೆ ಈ ಮರಳಿನ ಕಂದು ಅಷ್ಟೇನೂ ಹೊಸದಾಗಿ ಕಾಣಲಾರದು.

ಇದಕ್ಕೂ ಮೊದಲು, 2018ರಲ್ಲಿ, ಕಂಪನಿಯವರು ಅದೇ ಹಳೆಯ ಮೈಕಟ್ಟಿನ ಗಾಡಿಯನ್ನು ರಾಕ್ಸರ್ ಎಂಬ ಹೆಸರಿನಿಂದ ಅಮೆರಿಕದ ಮಿಷಿಗನ್ ರಾಜ್ಯದಲ್ಲಿಯೇ ಜೋಡಿಸಿ ಮಾರಲು ಹೊರಟರು. ಜೀಪಿನ ಆಗಿನ ಒಡೆಯರಾದ ಫಿಯೆಟ್ ಕ್ರೈಸ್ಲರಿನವರು, ಇದರ ಮೋರೆ ನಮ್ಮ ಮೋರೆ ಎಂದು ಅಲ್ಲಿಯ ವ್ಯಾಪಾರ ಆಯೋಗಕ್ಕೆ ದೂರಿತ್ತರು. 2020ರಲ್ಲಿ ಆಯೋಗ ಮಹೀಂದ್ರದ ವಿರುದ್ಧ ತೀರ್ಪಿತ್ತಿತು. ಮೋರೆ ಬದಲಿಸಿದ ಮೇಲೆ ಅದೇ ವರ್ಷದ ಕೊನೆಗೆ ಹೊಸ ರೂಪಕ್ಕೆ ಒಪ್ಪಿಗೆ ಕೊಟ್ಟಿತು. ತವರಿಗೆ ಹೋದ ಮೊಮ್ಮಗಳನ್ನು ಬಾಗಿಲಲ್ಲೇ ನಿಲ್ಲಿಸಿ ಮುಖ ತೊಳೆದು ಬಾ ಎಂದಂತೆ.

ಹೊಸ ಥಾರಿನ ಬಣ್ಣಗಳು ಎಲ್ಲಿಯೂ ಹೋಗುವುದಿಲ್ಲ. ಅವು ಗಣಕಯಂತ್ರದಲ್ಲಿ ದಾಖಲಾಗಿವೆ. ನನ್ನ ಆತಂಕ ಹಳೆಯವುಗಳದು. ಕಾಂದಿವಲಿಯ ಐವತ್ತು ಅರವತ್ತು ವರ್ಷದ ಹಿಂದಿನ ಜೀಪು ಯಾವ ಬಣ್ಣದಲ್ಲಿ ಹೊರಬಿದ್ದಿತೆಂದು ಅದರ ಯಜಮಾನನಿಗೆ ತಿಳಿಯಬೇಕಾದರೆ ಮುಖ್ಯ ಆಧಾರ ನೋಂದಣಿ ಪುಸ್ತಕ. ಅದರಲ್ಲಿ ಬಣ್ಣಕ್ಕೆ ಒಂದು ಅಂಕಣ. ಗುಮಾಸ್ತ ಬರೆಯುವುದು ನೀಲಿ, ಹಸುರು, ಬೂದು ಎಂಬ ಒಂದೇ ಮಾತು. ಯಾವ ನೀಲಿ? ಕೊಲ್ಲೂರಿನಿಂದ ಕೊಡಚಾದ್ರಿಗೆ ಜನರನ್ನು ಹೊತ್ತೊಯ್ಯುವ ಜೀಪುಗಳನ್ನು ಹತ್ತಿದವರು ಮುಂಬಯಿ ಕನ್ನಡಿಗರಲ್ಲಿ ಬಹಳ ಮಂದಿ ಇದ್ದಾರೆ. ಕಟ್ಟಿನಹೊಳೆ ದಾಟಿ, ನೀರು ಕೊರೆದ ಕಲ್ಲುಹಾದಿಯಲ್ಲಿ ಅದು ಒಂದು ಗಾಲಿಯನ್ನೆತ್ತಿ ಇನ್ನೊಂದನ್ನೂರುತ್ತ 1,343 ಮೀಟರ್ ಎತ್ತರದ ಬೆಟ್ಟವನ್ನು ಏರುವಾಗ ದೇವಿಯನ್ನು ನೆನೆಯದವರಿಲ್ಲ. ಮುಂದಿನ ಸಾರಿ ಹತ್ತುವಾಗ ಅದರ ಬಾಗಿಲಿನ ಸಂದಿಯಲ್ಲಿ, ಬಣ್ಣ ಎದ್ದ ಕಡೆ ಉಗುರಿನಿಂದ ತುಸು ನೋಡಿರಿ. ಬಿಳಿಯ ಕೆಳಗೆ ಕೆಂಪು, ಕೆಂಪಿನ ಕೆಳಗೆ ಬೂದು, ಹೀಗೆ ಮರದ ಉಂಗುರಗಳಂತೆ ಪದರ ಪದರ ಸಿಕ್ಕೀತು. ಎಲ್ಲಕ್ಕೂ ಕೆಳಗಿನದು ಮಜಗಾಂವಿನದೋ ಕಾಂದಿವಲಿಯದೋ ಕೈಯ ಕೆಲಸ.

2021ರ ಜುಲೈಯಲ್ಲಿ ಕೇಂದ್ರ ಸರಕಾರ 50 ವರ್ಷ ಮೀರಿದ ಗಾಡಿಗಳಿಗೆ ಪ್ರತ್ಯೇಕ ನೋಂದಣಿಯ ವ್ಯವಸ್ಥೆ ಮಾಡಿತು. ಸಂಖ್ಯೆಯ ನಡುವೆ ವಿ.ಎ. ಎಂಬ ಅಕ್ಷರ, ಹೊಸದಾಗಿ ನೋಂದಾಯಿಸಲು 20,000 ರೂಪಾಯಿ. ಗಾಡಿ ಮೂಲರೂಪದಲ್ಲಿರಬೇಕು, ಚೌಕಟ್ಟು, ಮೈ, ಯಂತ್ರಗಳಲ್ಲಿ ದೊಡ್ಡ ಮಾರ್ಪಾಟು ಆಗಿರಬಾರದು ಎಂಬುದು ಷರತ್ತು. ಅದೇ ವರ್ಷ ಹಳೆಯ ವಾಹನಗಳನ್ನು ಗುಜರಿಗೆ ಹಾಕುವ ಕೇಂದ್ರಗಳ ನಿಯಮಗಳೂ ಬಂದವು. ಅಂದರೆ ಹಳೆಯ ಜೀಪಿಗೆ ಈಗ ಎರಡು ದಾರಿ, ಒಂದು ಗೌರವದ್ದು, ಇನ್ನೊಂದು ಕುಲುಮೆಯದು. ಗೌರವದ ದಾರಿಯಲ್ಲಿ ಮೂಲ ಯಾವುದೆಂದು ಹೇಳಬಲ್ಲ ಕಾಗದ ಬೇಕು. ಶ್ರೀರಂಗಪಟ್ಟಣದ ಬಳಿಯ ಪಯಣ ವಸ್ತುಸಂಗ್ರಹಾಲಯದಲ್ಲಿ ಧರ್ಮಸ್ಥಳದ ಡಾ. ವೀರೇಂದ್ರ ಹೆಗ್ಗಡೆಯವರು ಕೂಡಿಸಿದ ಹಳೆಯ ಕಾರುಗಳನ್ನು ನೋಡಿದವರಿಗೆ ಜೋಪಾನ ಮಾಡುವುದೆಂದರೆ ಏನೆಂದು ಗೊತ್ತು. ರಾಜಮಹಾರಾಜರ ಕಾರಿಗೆ ಭಾವಚಿತ್ರಗಳುಂಟು, ಪತ್ರಗಳುಂಟು. ಬಿ.ಡಿ.ಓ. ಕಚೇರಿಯ ಜೀಪಿಗೆ ಯಾರು ಭಾವಚಿತ್ರ ತೆಗೆದರು?

ಕಾಂದಿವಲಿ, ಮಾಲಾಡ, ಬೋರಿವಲಿಗಳ ಮನೆಗಳಲ್ಲಿ, ಆ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದ ಹಿರಿಯರು ಇನ್ನೂ ಇದ್ದಾರು. ಅವರ ಪೆಟ್ಟಿಗೆಯಲ್ಲಿ ಹಳೆಯ ಗುರುತಿನ ಚೀಟಿ, ಸಹೋದ್ಯೋಗಿಗಳ ಗುಂಪಿನ ಭಾವಚಿತ್ರ, ಹಬ್ಬದ ದಿನ ಹೂಮಾಲೆ ಹಾಕಿ ನಿಲ್ಲಿಸಿದ ಗಾಡಿಯ ಚಿತ್ರ ಇದ್ದೀತು. ಕಪ್ಪು ಬಿಳುಪಿನ ಚಿತ್ರದಲ್ಲಿ ಬಣ್ಣ ಕಾಣದು, ಆದರೆ ನೆನಪಿನಲ್ಲಿ ಇದ್ದೀತು. ಈ ಸಂಚಿಕೆ ಕೈಗೆ ಬಂದ ದಿನ ಮನೆಯ ಮಕ್ಕಳು ಅವರ ಪಕ್ಕದಲ್ಲಿ ಕುಳಿತು ಚಿತ್ರದ ಬೆನ್ನಿಗೆ ಸೀಸದ ಕಡ್ಡಿಯಲ್ಲಿ ಬರೆದಿಡಲಿ: ಯಾವ ವರ್ಷ, ಯಾವ ಇಲಾಖೆಗೆ ಹೋದ ಗಾಡಿ, ಮೈಗೆ ಯಾವ ಬಣ್ಣ, ಗಾಲಿಗೆ ಯಾವುದು.